ಕಟಕಟೆ ಹತ್ತುವವರು ಬೇಕು

(ಜಯನಗರದ ಒಂದು ಮನೆ. ಮಾತಾಡುವವರು ಇಬ್ಬರು: ಕ್ರಿಮಿನಲ್ ಕೋರ್ಟುಗಳಲ್ಲೇ ವಕಾಲತ್ತು ನಡೆಸಿ ಈಗ ನಿವೃತ್ತರಾಗಿರುವ ಹಿರಿಯರು, ಬನಶಂಕರಿ ಎರಡನೇ ಹಂತದಿಂದ ಅವರನ್ನು ಕಾಣಲು ಬಂದ ತರುಣಿ.)

ತರುಣಿ: ಅಂಕಲ್, ನೇರವಾಗಿ ಕೇಳ್ತೀನಿ. ನಮ್ಮ ಕ್ರಾಸಿನಲ್ಲಿ ಒಬ್ಬರು ಬೀದಿನಾಯಿ ಮರಿಗೆ ಕಬ್ಬಿಣದ ರಾಡಿನಲ್ಲಿ ಹೊಡೆದರು. ಹಿಂಗಾಲು ಮುರಿದಿದೆ. ನಾನು ಕಣ್ಣಾರೆ ನೋಡಿದ್ದೀನಿ. ಠಾಣೆಗೆ ಹೋದರೆ, ‘ಬೀದಿನಾಯಿಗೆ ವಾರಸುದಾರರು ಯಾರಮ್ಮ? ಯಾರ ಪರವಾಗಿ ಬರ್ಕೊಳ್ಳೋಣ?’ ಅಂತ ಕೇಳಿ ಕಳಿಸಿದರು. ಇಂಥ ಪ್ರಾಣಿಗೆ ಕೋರ್ಟಿನಲ್ಲಿ ನ್ಯಾಯ ಅನ್ನೋದು ಇದೆಯಾ, ಇಲ್ವಾ?

ಹಿರಿಯರು: ಇದೆ ಕಣಮ್ಮ. ಆದರೆ ಅದನ್ನು ಕೈಹಿಡಿದು ಕೋರ್ಟಿನ ತನಕ ನಡೆಸಿಕೊಂಡು ಹೋಗುವವರು ಬೇಕು. ನಾಯಿ ದೂರು ಕೊಡೋದಿಲ್ಲ, ತನಗೆ ಹೊಡೆದವರನ್ನು ಗುರುತಿಸೋದಿಲ್ಲ, ಪಾಟೀಸವಾಲಿಗೆ ಉತ್ತರ ಹೇಳೋದಿಲ್ಲ. ಅದರ ಕೇಸು ನಿಲ್ಲೋದೂ ಬೀಳೋದೂ ನೋಡಿದವರ ಮೇಲೆ. ವಾರಸುದಾರರು ಯಾರು ಅಂತ ಕೇಳಿದರಲ್ಲ, ಆ ಪ್ರಶ್ನೆಗೆ ಮೊದಲು ಉತ್ತರ ಹೇಳ್ತೀನಿ. ಪ್ರಾಣಿಯನ್ನು ಕೊಂದರೆ, ವಿಷ ಹಾಕಿದರೆ, ಅಂಗ ಊನ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಪ್ರಕಾರ 5 ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ಪೊಲೀಸರು ಕೋರ್ಟಿನ ಅಪ್ಪಣೆಗೆ ಕಾಯದೆ ತಾವೇ ತನಿಖೆ ಮಾಡಬಹುದಾದ ಅಪರಾಧ ಅದು. ಇಂಥ ಅಪರಾಧದ ಸುದ್ದಿಯನ್ನು ಯಾರು ತಂದರೂ ಎಫ್‌ಐಆರ್ ಹಾಕಲೇಬೇಕು ಅಂತ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2013ರಲ್ಲೇ ಹೇಳಿದೆ. ದೂರು ಕೊಡೋಕೆ ನೀನು ಆ ಮರಿಯ ಒಡತಿ ಆಗಿರಬೇಕಾಗಿಲ್ಲ.

ತರುಣಿ: ಹಾಗಾದರೆ ಎಲ್ಲರೂ ಹೇಳುವ ಆ 50 ರೂಪಾಯಿ ದಂಡ?

ಹಿರಿಯರು: ಅದು ಬೇರೆ ಕಾಯ್ದೆ. ರುಕ್ಮಿಣಿ ದೇವಿ ಅರುಂಡೇಲ್ ಹೆಸರು ಕೇಳಿದ್ದೀಯಲ್ಲ, ಭರತನಾಟ್ಯದವರು. ರಾಜ್ಯಸಭೆಗೆ ನಾಮಕರಣ ಆದಮೇಲೆ ಅವರು ಪ್ರಾಣಿಗಳ ಪರವಾಗಿ ಒಂದು ಖಾಸಗಿ ಮಸೂದೆ ತಂದರು. ಸರ್ಕಾರವೇ ಕಾನೂನು ತರುತ್ತೆ ಅಂತ ನೆಹರೂ ಭರವಸೆ ಕೊಟ್ಟಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಂಡರು. ಆ ಭರವಸೆಯ ಫಲ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ. ಅದರ 11ನೇ ಸೆಕ್ಷನ್ ಓದಿದರೆ ಮನಸ್ಸು ತುಂಬುತ್ತೆ: ಹೊಡೆಯೋದು, ಒದೆಯೋದು, ಮಿತಿಮೀರಿ ಭಾರ ಹೇರೋದು, ಹಸಿವಿಗೆ ನೀರಡಿಕೆಗೆ ದೂಡೋದು, ಗಿಡ್ಡ ಸರಪಳಿಯಲ್ಲಿ ಸದಾ ಕಟ್ಟಿಹಾಕೋದು, ಎಲ್ಲವೂ ಅಪರಾಧ. ಕೊನೆಯಲ್ಲಿ ಶಿಕ್ಷೆ ಓದಿದರೆ ಮನಸ್ಸು ಬರಿದಾಗುತ್ತೆ. ಮೊದಲ ಸಲಕ್ಕೆ 10ರಿಂದ 50 ರೂಪಾಯಿ ದಂಡ. 3 ವರ್ಷದೊಳಗೆ ಮತ್ತೆ ಮಾಡಿದರೆ 25ರಿಂದ 100 ರೂಪಾಯಿ, ಅಥವಾ 3 ತಿಂಗಳವರೆಗೆ ಜೈಲು, ಅಥವಾ ಎರಡೂ. ಇವತ್ತಿಗೂ ಅಷ್ಟೇ.

ತರುಣಿ: ಜಯನಗರ ಕಾಂಪ್ಲೆಕ್ಸಿನ ಹತ್ತಿರ ಒಂದು ದೋಸೆಗೆ ಅದಕ್ಕಿಂತ ಜಾಸ್ತಿ ಕೊಡ್ತೀವಿ ಅಂಕಲ್! ತಿದ್ದುಪಡಿ ಮಾಡೋಕೆ ಯಾರಿಗೂ ಅನ್ನಿಸಲೇ ಇಲ್ವಾ?

ಹಿರಿಯರು: 2022ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಒಂದು ಕರಡು ಮಸೂದೆ ಹೊರಡಿಸಿ ಜನರ ಅಭಿಪ್ರಾಯ ಕೇಳಿತು. ಘೋರ ಕ್ರೌರ್ಯ ಅಂತಲೇ ಒಂದು ಬೇರೆ ವರ್ಗ ಮಾಡಿ ಕಠಿಣ ಶಿಕ್ಷೆ ಇಡುವ ಪ್ರಸ್ತಾಪ ಅದರಲ್ಲಿತ್ತು. ಕಾನೂನಾಗಲಿಲ್ಲ. ಅದಕ್ಕೇ ದೂರು ಬರೆಯುವಾಗ ಯಾವ ಸೆಕ್ಷನ್ ಅನ್ನೋದು ಮುಖ್ಯ. ಬರೀ ಹೊಡೆದರು ಅಂತ 1960ರ ಕಾಯ್ದೆಯಡಿ ಬರೆದರೆ ಅದು ಬರೀ ಅಸಂಜ್ಞೇಯ ಅಪರಾಧದ ವರದಿ (ಎನ್‌ಸಿಆರ್) ಆಗುತ್ತೆ. ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ತನಿಖೆ ಶುರುವಾಗಲ್ಲ. ಸಾಲದ್ದಕ್ಕೆ ಆ ಕಾಯ್ದೆಯ 36ನೇ ಸೆಕ್ಷನ್ ಪ್ರಕಾರ ಘಟನೆ ನಡೆದು 3 ತಿಂಗಳು ಕಳೆದರೆ ಮೊಕದ್ದಮೆಯನ್ನೇ ಹೂಡುವಂತಿಲ್ಲ. ಠಾಣೆಗೂ ಕೋರ್ಟಿಗೂ ಅಲೆದಾಡುವುದರಲ್ಲೇ ಅಷ್ಟು ದಿನ ಹೋಗುತ್ತೆ. ಅದೇ 325ನ್ನು ಜೊತೆಗೆ ಸೇರಿಸಿದರೆ ಇಡೀ ಕೇಸು ಎಫ್‌ಐಆರ್ ಆಗಿ ನಡೆಯುತ್ತೆ.

ತರುಣಿ: ಹಳೆಯ ಐಪಿಸಿಯಲ್ಲೂ ಇಂಥದ್ದು ಇತ್ತಲ್ಲ?

ಹಿರಿಯರು: 428, 429. ಪ್ರಾಣಿಗೆ 10 ರೂಪಾಯಿ ಬೆಲೆ ಇದ್ದರೆ ಒಂದು ಸೆಕ್ಷನ್, 50 ರೂಪಾಯಿ ಇದ್ದರೆ ಇನ್ನೊಂದು. ಬೀದಿನಾಯಿಯ ಬೆಲೆ ಎಷ್ಟು ಅಂತ ಕೋರ್ಟಿನಲ್ಲಿ ವಾದ ಮಾಡಿದ ಕಾಲ ಅದು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆ ಆ ಬೆಲೆಪಟ್ಟಿಯನ್ನು ಕಿತ್ತುಹಾಕಿದೆ, ಅದು ಒಳ್ಳೆಯದೇ. ಆದರೆ ಸೆಕ್ಷನ್ ಕೂತಿರೋದು ಈಗಲೂ ಆಸ್ತಿಗೆ ಮಾಡುವ ಹಾನಿಯ ಅಪರಾಧಗಳ ನಡುವೆಯೇ. ನೋವು ಪಟ್ಟ ಜೀವ ಅಂತ ಅಲ್ಲ, ಯಾರಿಗೋ ಆದ ನಷ್ಟ ಅಂತಲೇ ಕಾನೂನು ಅದನ್ನು ನೋಡುತ್ತೆ. ಆ ಅಡಿಪಾಯ ಬದಲಾಗಬೇಕು.

ತರುಣಿ: ಹೊಸ ಸಂಹಿತೆಯಲ್ಲಿ ಒಂದು ಕಡೆ ಕಳೆದುಕೊಂಡದ್ದೂ ಇದೆ. 2025ರಲ್ಲಿ ನಮ್ಮ ಜಯನಗರದ ಶಾಲಿನಿ ಮೈದಾನದಲ್ಲೇ ಬೀದಿನಾಯಿ ಮೇಲೆ ಲೈಂಗಿಕ ದೌರ್ಜನ್ಯ ಆಯಿತು ಅಂತ ಕೇಸಾಯಿತಲ್ಲ. ಹಳೆಯ 377ನೇ ಸೆಕ್ಷನ್ ಈಗಿಲ್ಲ. ಅದರ ಜಾಗದಲ್ಲಿ ಪ್ರಾಣಿಗಳಿಗೋಸ್ಕರ ಏನನ್ನೂ ಇಟ್ಟಿಲ್ಲ.

ಹಿರಿಯರು: ಸರಿಯಾಗಿ ಹೇಳಿದೆ. 377ರಲ್ಲಿ ಮನುಷ್ಯರ ಖಾಸಗಿ ಬದುಕಿಗೆ ಸಂಬಂಧಪಟ್ಟದ್ದನ್ನು 2018ರಲ್ಲಿ ಸುಪ್ರೀಂ ಕೋರ್ಟ್ ತೆಗೆದುಹಾಕಿದಾಗಲೂ ಪ್ರಾಣಿಗಳ ಮೇಲಿನ ಕೃತ್ಯ ಅಪರಾಧವಾಗಿಯೇ ಉಳಿದಿತ್ತು. ಹೊಸ ಸಂಹಿತೆ ಬರೆಯುವಾಗ ಅದು ಪೂರ್ತಿ ಬಿಟ್ಟುಹೋಯಿತು. ಈಗ ಅಂಥ ಪ್ರಕರಣದಲ್ಲಿ ಪೊಲೀಸರು ಅಂಗ ಊನವಾಗಿದೆಯೇ ಅಂತ ನೋಡಬೇಕು, ಇಲ್ಲದಿದ್ದರೆ ಅದೇ 50 ರೂಪಾಯಿಯ ಸೆಕ್ಷನ್. ಸಂಸತ್ತೇ ಸರಿಮಾಡಬೇಕಾದ ತಪ್ಪು ಇದು.

ತರುಣಿ: ಲಾರಾ ವಿಷಯ ಹೇಳಿ. ನಾನು ಆಗ ಕಾಲೇಜಿನಲ್ಲಿದ್ದೆ. ಆ ವಿಡಿಯೊ ಪೂರ್ತಿ ನೋಡೋಕೆ ಆಗಿರಲಿಲ್ಲ.

ಹಿರಿಯರು: 2022ರ ಜನವರಿ 26. ಜಯನಗರ ಒಂದನೇ ಬ್ಲಾಕಿನಲ್ಲಿ ರಸ್ತೆಬದಿ ಮಲಗಿದ್ದ ಬೀದಿನಾಯಿಯ ಮೇಲೆ ಒಂದು ಐಷಾರಾಮಿ ಕಾರು ಹರಿಯಿತು. ಬೇಕಂತಲೇ ಹರಿಸಿದ್ದು ಅಂತ ದೂರು. ಆ ಬೀದಿಯವರು ಅದನ್ನು ಲಾರಾ ಅಂತ ಕರೀತಿದ್ದರು. ಪೆಟ್ಟು ತಿಂದ ನಾಯಿ ಅಲ್ಲಿಂದ ಎದ್ದು ಹೋಯಿತು, ಕೆಲವು ದಿನದ ಮೇಲೆ ಸತ್ತು ಸಿಕ್ಕಿತು. ಸಿದ್ದಾಪುರ ಠಾಣೆಯಲ್ಲಿ ಕೇಸಾಯಿತು, ಕಾರು ಓಡಿಸಿದ್ದ ಯುವಕನ ಬಂಧನವಾಯಿತು, ಜಾಮೀನೂ ಆಯಿತು. ನಟಿ ರಮ್ಯಾ ಬಹಿರಂಗವಾಗಿ ನ್ಯಾಯ ಕೇಳಿದರು. ನಾನು ನಿನಗೆ ತೋರಿಸಬೇಕಾದ್ದು ಆ ಗದ್ದಲದ ಹಿಂದೆ ಇರೋದನ್ನ. ಆ ಕೇಸು ಹುಟ್ಟಿದ್ದು ಮೂರು ವಸ್ತುಗಳಿಂದ: ಒಂದು ಮನೆಯ ಸಿಸಿಟಿವಿ, ಹುಡುಕಿ ತಂದ ದೇಹ, ಆ ದೇಹದ ಮರಣೋತ್ತರ ಪರೀಕ್ಷೆ. ಅವುಗಳನ್ನು ಜೋಪಾನ ಮಾಡಿದವರು ಬೀದಿಯ ಜನ, ಪ್ರಾಣಿಗಳಿಗಾಗಿ ದುಡಿಯುವ ಕಾರ್ಯಕರ್ತರು. ಅವರು ಅಂದು ಸುಮ್ಮನಿದ್ದಿದ್ದರೆ ಅದು ಇನ್ನೊಂದು ಅಪಘಾತ ಆಗಿರುತ್ತಿತ್ತು.

ತರುಣಿ: ಅಪಘಾತ ಆದರೂ ಅಪರಾಧವೇ ಅಲ್ವಾ? ಮನುಷ್ಯನಿಗೆ ಗುದ್ದಿ ಹೋದರೆ ಬಿಡ್ತಾರಾ?

ಹಿರಿಯರು: ಇಲ್ಲೇ ನೀನು ಗಮನ ಕೊಡಬೇಕು. ಅದೇ 2022ರಲ್ಲಿ ಕರ್ನಾಟಕ ಹೈಕೋರ್ಟಿನ ಮುಂದೆ ಬೆಂಗಳೂರಿನದ್ದೇ ಇನ್ನೊಂದು ಪ್ರಕರಣ ಬಂತು. ವಾಹನ ಡಿಕ್ಕಿಯಾಗಿ ಒಂದು ಸಾಕುನಾಯಿ ಸತ್ತಿತ್ತು. ಹೈಕೋರ್ಟ್ ಕೇಸನ್ನೇ ರದ್ದು ಮಾಡಿತು. ಅಪಘಾತವಾದಾಗ ಚಾಲಕ ನಿಲ್ಲಿಸಿ ಚಿಕಿತ್ಸೆ ಕೊಡಿಸಬೇಕು ಅನ್ನುವ ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ ಮನುಷ್ಯರಿಗಾಗುವ ಗಾಯದ ಬಗ್ಗೆ, ಪ್ರಾಣಿಗೆ ಅನ್ವಯಿಸಲ್ಲ ಅಂತ ಹೇಳಿತು. ಅಜಾಗರೂಕ ಚಾಲನೆಯ ಐಪಿಸಿ 279 ಕೂಡ ಹಾಗೆಯೇ. 428, 429 ನಿಲ್ಲಬೇಕಾದರೆ ಕೇಡು ಮಾಡುವ ಉದ್ದೇಶ ಇರಬೇಕು. ಆ ನಾಯಿಯ ಮೇಲೆ ಚಾಲಕನಿಗೆ ಹಗೆ ಇತ್ತು ಅನ್ನೋಕೆ ಏನೂ ಇಲ್ಲ ಅಂದಿತು.

ತರುಣಿ: ಎಷ್ಟು ಕಠಿಣ ಮಾತು.

ಹಿರಿಯರು: ಕಠಿಣ ನಿಜ, ಆದರೆ ಇರುವ ಕಾನೂನನ್ನು ಓದಿದ ಮಾತು. ಅದರಿಂದ ನಾವು ಕಲಿಯಬೇಕಾದ್ದು ಒಂದು. ಪ್ರಾಣಿಯ ಕೇಸಿನಲ್ಲಿ ಸೋಲು ಗೆಲುವು ನಿರ್ಧಾರ ಆಗೋದು ಉದ್ದೇಶದ ಮೇಲೆ. ನಾಯಿ ಸತ್ತಿದೆ ಅಂತ ತೋರಿಸಿದರೆ ಸಾಲದು. ಇವನು ತಿಳಿದೇ ಮಾಡಿದ ಅಂತ ತೋರಿಸಬೇಕು. ನಿದ್ದೆ ಮಾಡುತ್ತಿದ್ದ ನಾಯಿಯ ಕಡೆಗೆ ಸ್ಟಿಯರಿಂಗ್ ತಿರುಗಿತೇ, ರಾಡು ಮನೆಯೊಳಗಿಂದ ತಂದದ್ದೇ, ಅಟ್ಟಿಸಿಕೊಂಡು ಹೋದನೇ, ಬಿದ್ದಮೇಲೂ ಹೊಡೆದನೇ. ನೀನು ನೋಡಿದ್ದೇನು, ಹೇಳು.

ತರುಣಿ: ಮರಿ ಅವರ ಗೇಟಿನ ಮುಂದೆ ಮಲಗಿತ್ತು. ಅವರು ಒಳಗೆ ಹೋಗಿ ರಾಡು ತಂದರು. ಮೊದಲ ಏಟಿಗೆ ಮರಿ ಕಿರುಚಿಕೊಂಡು ಎದುರು ಮನೆಯ ಮೋರಿ ಕಲ್ಲಿನ ಕೆಳಗೆ ನುಗ್ಗಿತು. ಕಾಲು ಹಿಡಿದು ಎಳೆದು ಮತ್ತೆ ಎರಡು ಏಟು ಹೊಡೆದರು.

ಹಿರಿಯರು: ಒಳಗೆ ಹೋಗಿ ತಂದರು, ಎಳೆದು ಮತ್ತೆ ಹೊಡೆದರು. ಈ ಎರಡು ವಾಕ್ಯ ನಿನ್ನ ದೂರಿನಲ್ಲಿ ಇರಲೇಬೇಕು. ‘ಅಮಾನುಷವಾಗಿ, ನಿರ್ದಯವಾಗಿ’ ಅಂತ ವಿಶೇಷಣ ಪೇರಿಸಬೇಡ. ದಿನಾಂಕ, ಹೊತ್ತು, ಮನೆ ನಂಬರು, ಏನು ಮಾಡಿದರು, ಯಾವುದರಿಂದ, ಎಷ್ಟು ಸಲ. ಆಸ್ಪತ್ರೆಗೆ ಒಯ್ದಿರೇನು?

ತರುಣಿ: ಒಯ್ದೆವು. ಎಕ್ಸ್‌ರೇ ಮಾಡಿ ಕಟ್ಟು ಹಾಕಿದರು. ಚೀಟಿಯಲ್ಲಿ ಕಾಲಿಗೆ ಪೆಟ್ಟು ಅಂತ ಬರೆದುಕೊಟ್ಟಿದ್ದಾರೆ.

ಹಿರಿಯರು: ಅದು ಸಾಲದು. 325 ನಿಲ್ಲೋದು ಅಂಗ ಊನವಾಗಿದೆ ಅನ್ನೋದರ ಮೇಲೆ. ಯಾವ ಕಾಲು, ಯಾವ ಮೂಳೆ, ಹೊಸ ಗಾಯವೋ ಹಳೆಯದೋ, ಮೊಂಡಾದ ಆಯುಧದಿಂದ ಆಗಿರಬಹುದೋ, ಮುಂದೆ ಆ ಕಾಲು ಊರಬಲ್ಲದೋ ಇಲ್ಲವೋ, ಇಷ್ಟನ್ನೂ ಬರೆದು ಸಹಿ, ಮೊಹರು ಹಾಕಿದ ವೈದ್ಯಕೀಯ ಪ್ರಮಾಣಪತ್ರ ಕೇಳಿ ತಗೋ. ಕಾಲಿಗೆ ಪೆಟ್ಟು ಅನ್ನುವ ಚೀಟಿ ಇಟ್ಟುಕೊಂಡು ಎದುರು ವಕೀಲರು, ಗಾಡಿ ತಾಗಿರಬಹುದಲ್ಲ ಡಾಕ್ಟ್ರೇ ಅಂತ ಕೇಳಿದರೆ ವೈದ್ಯರು, ಇರಬಹುದು ಅಂತಾರೆ. ಕೇಸು ಅಲ್ಲಿಗೆ ಮುಗೀತು. ಪ್ರಾಣಿ ಸತ್ತಿದ್ದರಂತೂ ಹೂಳುವ ಆತುರ ಮಾಡಲೇಬಾರದು. ಪೊಲೀಸರ ಮೂಲಕ ಮರಣೋತ್ತರ ಪರೀಕ್ಷೆ ಆಗಬೇಕು, ಹೆಬ್ಬಾಳದ ಪಶುವೈದ್ಯ ಕಾಲೇಜಿನಂಥ ಕಡೆ. ವಿಷದ ಅನುಮಾನ ಇದ್ದರೆ ಒಳಾಂಗಗಳ ಮಾದರಿಯನ್ನು ಸೀಲು ಮಾಡಿ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಬೇಕು. 2021ರಲ್ಲಿ ಭದ್ರಾವತಿ ತಾಲ್ಲೂಕಿನ ಕಂಬದಾಳ್ ಹೊಸೂರಿನಲ್ಲಿ ನೂರಕ್ಕೂ ಹೆಚ್ಚು ನಾಯಿಗಳನ್ನು ಕೊಂದು ಹೂತ ಆರೋಪ ಬಂದಾಗ ಹೂತ ದೇಹಗಳನ್ನು ಹೊರತೆಗೆಸಬೇಕಾಯಿತು. ಮಣ್ಣಾದ ದೇಹ ಹೇಳುವುದು ಕಡಿಮೆ.

ತರುಣಿ: ಎದುರು ಮನೆಯವರ ಕ್ಯಾಮೆರಾದಲ್ಲಿ ಎಲ್ಲ ಬಿದ್ದಿದೆ ಅಂತಾರೆ. ಮೊಬೈಲಿನಲ್ಲಿ ಆ ಪರದೆಯ ವಿಡಿಯೊ ತೆಗೆದುಕೊಂಡಿದ್ದೀನಿ. ಇವತ್ತು ರಾತ್ರಿ ಹಾಕಿಬಿಡೋಣ, ಹೆಸರು ಸಮೇತ ಊರಿಗೆಲ್ಲ ಗೊತ್ತಾಗಲಿ ಅಂತ ಅಂದುಕೊಂಡಿದ್ದೆ.

ಹಿರಿಯರು: ಹಾಕಬೇಡ. ಕೋಪ ಬರಬಾರದು ಅಂತ ಅಲ್ಲ. ನಿನ್ನ ಕೋಪ ನ್ಯಾಯವಾದದ್ದೇ. ಆದರೆ ಹೆಸರು ಹಾಕಿದರೆ ನಾಳೆ ಅವರು ನಿನ್ನ ಮೇಲೆ ಮಾನನಷ್ಟದ ದೂರು ಕೊಡ್ತಾರೆ, ಮಾತು ಮರಿಯಿಂದ ನಿನ್ನ ಕಡೆಗೆ ತಿರುಗುತ್ತೆ. ಬೀದಿಯೇ ತೀರ್ಪು ಕೊಟ್ಟುಬಿಟ್ಟರೆ ಕೋರ್ಟಿಗೆ ಉಳಿಯೋದು ಬರೀ ಜಗಳ. ಪರದೆಯಿಂದ ತೆಗೆದ ವಿಡಿಯೊ ನಂಬಿಕೊಂಡು ಕೂರಬೇಡ. ಡಿವಿಆರ್‌ನಲ್ಲಿ ಹಳೆಯ ದೃಶ್ಯದ ಮೇಲೆ ಹೊಸದು ಬರೆದುಕೊಂಡು ಹೋಗುತ್ತೆ. ಮೂಲ ದೃಶ್ಯವನ್ನು ಪೊಲೀಸರು ಮಹಜರು ಮಾಡಿ ವಶಕ್ಕೆ ತಗೋಬೇಕು. ಹಳೆಯ 65ಬಿ ಪ್ರಮಾಣಪತ್ರದ ಬದಲು ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಬೇಕು, ಫೈಲಿನ ಹ್ಯಾಶ್ ಸಂಖ್ಯೆ ಸಮೇತ. ಅದಿಲ್ಲದಿದ್ದರೆ ಲಕ್ಷ ಜನ ನೋಡಿದ ವಿಡಿಯೊವನ್ನೂ ನ್ಯಾಯಾಧೀಶರು ಸಾಕ್ಷ್ಯವಾಗಿ ತೆಗೆದುಕೊಳ್ಳೋ ಹಾಗಿಲ್ಲ.

ತರುಣಿ: ಮತ್ತೆ ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ?

ಹಿರಿಯರು: ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಕೇಳು. ಕೊಡದಿದ್ದರೆ ಅದೇ ದೂರನ್ನು ದಕ್ಷಿಣ ವಿಭಾಗದ ಡಿಸಿಪಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸು. ಅಲ್ಲೂ ಆಗದಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ 175(3)ರಡಿ ಅಫಿಡವಿಟ್ ಹಾಕಿ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ. ಈ ಮೆಟ್ಟಿಲನ್ನು ಕ್ರಮವಾಗಿ ಹತ್ತಿದವರ ಅರ್ಜಿಗೆ ಬೆಲೆ. ಠಾಣೆಯವರನ್ನು ಶತ್ರು ಮಾಡಿಕೊಳ್ಳಬೇಡ. ಎಷ್ಟೋ ಪೇದೆಗಳು, ಎಸ್‌ಐಗಳು ಸೆಕ್ಷನ್ ಗೊತ್ತಾದರೆ ಮನಸ್ಸಿಟ್ಟು ಕೆಲಸ ಮಾಡ್ತಾರೆ. 325ನ್ನು ಪ್ರಿಂಟ್ ಹಾಕಿಸಿ ಕೈಯಲ್ಲಿ ಹಿಡಿದುಕೊಂಡು ಹೋಗು.

ತರುಣಿ: ನಮ್ಮ ಬೀದಿಯವರು ಒಂದು ಮಾತು ಕೇಳ್ತಾರೆ ಅಂಕಲ್, ನನಗೆ ಸರಿಯಾಗಿ ಉತ್ತರ ಕೊಡೋಕೆ ಆಗಲ್ಲ. ಮನುಷ್ಯರ ಕೇಸೇ ವರ್ಷಗಟ್ಟಲೆ ಮುಗಿಯಲ್ಲ, ಮಕ್ಕಳಿಗೆ ನಾಯಿ ಕಚ್ಚುತ್ತಿವೆ, ನಿನಗೆ ನಾಯಿಯದ್ದೇ ಚಿಂತೆ ಅಂತ.

ಹಿರಿಯರು: ಕಚ್ಚಿಸಿಕೊಂಡ ಮಗುವಿನ ತಾಯಿಯ ಭಯ ಸುಳ್ಳಲ್ಲ, ಅದನ್ನು ಹಗುರ ಮಾಡಬೇಡ. ಆದರೆ ಆ ಭಯಕ್ಕೆ ಕಾನೂನು ದಾರಿ ಕೊಟ್ಟಿದೆ. ಸಂತಾನಹರಣ ಚಿಕಿತ್ಸೆ, ರೇಬೀಸ್ ಲಸಿಕೆ ಹಾಕಿಸೋದು 2023ರ ಪ್ರಾಣಿ ಸಂತಾನ ನಿಯಂತ್ರಣ (ಎಬಿಸಿ) ನಿಯಮಗಳ ಪ್ರಕಾರ ಪಾಲಿಕೆಯ ಹೊಣೆ. 2025ರಲ್ಲಿ ಸುಪ್ರೀಂ ಕೋರ್ಟ್ ಬೀದಿನಾಯಿಗಳ ಬಗ್ಗೆ ಒಂದರ ಮೇಲೊಂದು ಆದೇಶ ಕೊಟ್ಟಿತು. ರೇಬೀಸ್ ಇರುವ, ಮೈಮೇಲೆ ಬೀಳುವ ನಾಯಿಗಳನ್ನು ವಾಪಸ್ ಬಿಡಬೇಡಿ ಅಂದಿತು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಿಂದ ತೆಗೆದು ಬೇರೆಡೆ ಇಡಿ ಅಂದಿತು. ಯಾವ ಆದೇಶವೂ ಮನೆ ಮುಂದೆ ಮಲಗಿದ ಮರಿಗೆ ರಾಡಿನಿಂದ ಹೊಡೆಯೋ ಅಧಿಕಾರವನ್ನು ಯಾರಿಗೂ ಕೊಟ್ಟಿಲ್ಲ. ಮನುಷ್ಯರ ಕೇಸು ಬಾಕಿ ಇದೆ ಅನ್ನೋದೂ ನಿಜ. ಆದರೆ ನಾನು ಅಷ್ಟು ವರ್ಷ ಕೋರ್ಟಿನಲ್ಲಿ ನಿಂತು ಕಂಡದ್ದು ಹೇಳ್ತೀನಿ: ಮಾತು ಬಾರದ ಮಗುವಿನ ಕೇಸು, ಹಾಸಿಗೆ ಹಿಡಿದ ಮುದುಕಿಯ ಕೇಸು, ಎಲ್ಲವೂ ಅಕ್ಕಪಕ್ಕದವರ ಸಾಕ್ಷಿಯ ಮೇಲೇ ನಿಂತವು. ನೋಡಿದ್ದನ್ನು ನೋಡಿದೆ ಅಂತ ಹೇಳುವ ಅಭ್ಯಾಸ ಒಂದು ಬೀದಿಗೆ ಬಂದರೆ ಅದು ನಾಯಿಗೆ ಮಾತ್ರ ಉಪಕಾರ ಅಲ್ಲ.

ತರುಣಿ: ಕೋರ್ಟುಗಳಿಗೆ ತಾವಾಗಿ ಇದು ಕಾಣಿಸಿದ್ದು ಉಂಟಾ?

ಹಿರಿಯರು: ಉಂಟು. 2021ರ ಜುಲೈನಲ್ಲಿ ಬೇಲೂರು ತಾಲ್ಲೂಕಿನ ಚೌಡನಹಳ್ಳಿ ಹತ್ತಿರ ಮೂವತ್ತಕ್ಕೂ ಹೆಚ್ಚು ಕೋತಿಗಳು ಚೀಲದಲ್ಲಿ ಸತ್ತು ಸಿಕ್ಕಾಗ ನಮ್ಮ ಹೈಕೋರ್ಟ್ ಯಾರ ಅರ್ಜಿಗೂ ಕಾಯದೆ ಸ್ವಯಂಪ್ರೇರಿತ ಮೊಕದ್ದಮೆ ದಾಖಲಿಸಿತು. ಅದಕ್ಕೂ ಮುಂಚೆ, 2014ರ ಮೇ 7ರಂದು, ಜಲ್ಲಿಕಟ್ಟಿಗೆ ಸಂಬಂಧಪಟ್ಟ ಎ. ನಾಗರಾಜ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಹಸಿವು, ನೋವು, ಭಯಗಳಿಂದ ಪ್ರಾಣಿಗಳಿಗೂ ಬಿಡುಗಡೆ ಬೇಕು ಅಂದಿತ್ತು. ಜೀವಿಗಳಲ್ಲಿ ಕರುಣೆ ಇಡಬೇಕು ಅನ್ನುವ ಸಂವಿಧಾನದ 51ಎ(ಜಿ) ವಿಧಿಯನ್ನು ಅದಕ್ಕೆ ಬೆನ್ನೆಲುಬು ಮಾಡಿಕೊಂಡಿತ್ತು. ಆಮೇಲೆ ತಮಿಳುನಾಡು ಜಲ್ಲಿಕಟ್ಟಿಗೆ, ನಮ್ಮ ರಾಜ್ಯ ಕಂಬಳಕ್ಕೆ ತಿದ್ದುಪಡಿ ತಂದವು. 2023ರಲ್ಲಿ ಸಂವಿಧಾನ ಪೀಠ ಅವನ್ನು ಎತ್ತಿಹಿಡಿಯಿತು. ಮೇಲಿನ ಕೋರ್ಟುಗಳ ಮಾತು ಹೀಗೆ ಹಿಂದೆ ಮುಂದೆ ಆಗ್ತಾ ಇರುತ್ತೆ. ನಿನ್ನ ಮರಿಯ ಕೇಸು ಇತ್ಯರ್ಥವಾಗೋದು ಮ್ಯಾಜಿಸ್ಟ್ರೇಟರ ಕೋರ್ಟಿನಲ್ಲಿ, ನಿನ್ನ ಹೇಳಿಕೆಯ ಮೇಲೆ.

ತರುಣಿ: ನನಗೆ ಹೆದರಿಕೆ ಇರೋದು ಅಲ್ಲೇ. ಬಿಟಿಎಂ ಲೇಔಟಿನಲ್ಲಿ ನನ್ನ ಆಫೀಸು. ಎಷ್ಟು ಸಲ ರಜೆ ಕೇಳಲಿ? ಹೂ ಮಾರುವ ಅಜ್ಜಿಯೂ ನೋಡಿದ್ದಾರೆ. ಆದರೆ ಅವರ ಬುಟ್ಟಿ ಇರೋದು ಅದೇ ಮನೆಯ ಕಾಂಪೌಂಡಿನ ಪಕ್ಕ. ಸಾಕ್ಷಿ ಹೇಳಿ ಅಂದರೆ ಅವರ ವ್ಯಾಪಾರಕ್ಕೇ ಕುತ್ತು.

ಹಿರಿಯರು: ಅಜ್ಜಿಯನ್ನು ಒತ್ತಾಯ ಮಾಡಬೇಡ. ಕ್ಯಾಮೆರಾ ಇದೆ, ನೀನಿದ್ದೀಯ, ವೈದ್ಯರಿದ್ದಾರೆ. ಒಬ್ಬರ ಅನ್ನ ಕಳೆದು ಇನ್ನೊಂದು ಜೀವಕ್ಕೆ ನ್ಯಾಯ ಕೊಡಿಸೋದು ಬೇಡ. ನಿನ್ನ ಹೆದರಿಕೆಯ ವಿಷಯ: ಹೌದು, ಸಮನ್ಸ್ ಬರೋದು ತಡವಾಗುತ್ತೆ, ಬಂದ ದಿನವೂ ಕೇಸು ಮುಂದಕ್ಕೆ ಹೋಗಬಹುದು. ಆಗ ಅವರ ಕಡೆಯವರು ಬಂದು, ಒಂದೇ ಬೀದಿಯವರು, ರಾಜಿ ಆಗೋಣ ಅಂತಾರೆ. ಅಲ್ಲಿ ಸಾಕ್ಷಿ, ನನಗೆ ನೆನಪಿಲ್ಲ ಅಂದುಬಿಡ್ತಾನೆ. ಪ್ರಾಣಿಗಳ ಕೇಸು ಹೆಚ್ಚು ಸಾಯೋದು ಆ ನೆನಪಿಲ್ಲ ಅನ್ನುವ ಮಾತಿನಿಂದ. ಇಲ್ಲಿಯ ರಾಜಿಯಲ್ಲಿ ಕೈ ಕುಲುಕುವವರು ಇಬ್ಬರು ಮನುಷ್ಯರು. ಕಾಲು ಮುರಿಸಿಕೊಂಡ ಮರಿಯನ್ನು ಕೇಳಿದವರು ಯಾರೂ ಇಲ್ಲ.

ತರುಣಿ: ಇಷ್ಟೆಲ್ಲ ಮಾಡಿ ಕೊನೆಗೆ ಅವರು ತಪ್ಪೊಪ್ಪಿಕೊಂಡು ಒಂದಿಷ್ಟು ದಂಡ ಕಟ್ಟಿ ಮನೆಗೆ ಹೋದರೆ? ಅಥವಾ ಖುಲಾಸೆ ಆದರೆ? ಅದನ್ನು ನ್ಯಾಯ ಅಂತ ಹೇಗೆ ಅನ್ನಲಿ?

ಹಿರಿಯರು: ಪೂರ್ತಿ ನ್ಯಾಯ ಅಂತ ನಾನೂ ಹೇಳಲ್ಲ. ಶಿಕ್ಷೆ ಹೆಚ್ಚಾಗಬೇಕು, ಅದಕ್ಕೆ ಸಂಸತ್ತಿನ ಮೇಲೆ ಒತ್ತಡ ಬೇಕು. ಆದರೆ ದಂಡವೇ ಆದರೂ ಅವನ ಹೆಸರಿನ ಮುಂದೆ ಅಪರಾಧಿ ಅಂತ ದಾಖಲೆ ಬೀಳುತ್ತೆ. ಮತ್ತೆ ಮಾಡಿದರೆ ಆ ದಾಖಲೆ ಎದ್ದು ಬರುತ್ತೆ. ಸಾಕಿದ ಪ್ರಾಣಿಗೇ ಹಿಂಸೆ ಕೊಟ್ಟವನಾದರೆ 1960ರ ಕಾಯ್ದೆಯ 29ನೇ ಸೆಕ್ಷನ್ ಪ್ರಕಾರ ಅವನ ಕೈಯಿಂದ ಅದನ್ನು ಬಿಡಿಸಬಹುದು, ಮುಂದೆ ಸಾಕಬಾರದು ಅಂತಲೂ ಕೋರ್ಟ್ ಹೇಳಬಹುದು. ಕೇಸು ನಡೆಯುವಾಗಲೇ ಪ್ರಾಣಿಯನ್ನು ಆರೈಕೆ ಕೇಂದ್ರಕ್ಕೆ ಕಳಿಸಲು 35ನೇ ಸೆಕ್ಷನ್ ಇದೆ. ಆ ಖರ್ಚನ್ನು ಆರೋಪಿಯಿಂದ ವಸೂಲಿ ಮಾಡಲು 2017ರ ನಿಯಮಗಳಿವೆ. ಇವೆಲ್ಲ ಪುಸ್ತಕದಲ್ಲಿ ಮಲಗಿವೆ, ಕೇಳುವವರಿಲ್ಲದೆ. ಖುಲಾಸೆ ಆಯಿತು ಅಂತಲೇ ಇಟ್ಟುಕೋ. ಆಗಲೂ ಒಬ್ಬ ಮ್ಯಾಜಿಸ್ಟ್ರೇಟರು ಒಂದು ಬೀದಿನಾಯಿಯ ಮುರಿದ ಮೂಳೆಯ ಬಗ್ಗೆ ಸಾಕ್ಷ್ಯ ಬರೆದುಕೊಂಡಿರ್ತಾರೆ. ಠಾಣೆಯಲ್ಲಿ ಒಂದು ಕಡತ ಇರುತ್ತೆ. ಮುಂದಿನ ಸಲ ಜೆ.ಪಿ. ನಗರದಿಂದಲೋ ಬನಶಂಕರಿಯಿಂದಲೋ ಒಬ್ಬರು ಹೋದಾಗ, ವಾರಸುದಾರರು ಯಾರು ಅನ್ನುವ ಪ್ರಶ್ನೆ ಏಳೋದಿಲ್ಲ. ಹೋದಸಲ ಹಾಕಿದ ಸೆಕ್ಷನ್ ತೆಗೀರಿ ಅಂತಾರೆ. ಕೆಳಹಂತದಲ್ಲಿ ಕಾನೂನು ಬೇರು ಬಿಡೋದು ಹೀಗೆ, ಒಂದೊಂದು ಕಡತದಿಂದ.

ತರುಣಿ: ಲಾರಾಗೆ ಕ್ಯಾಮೆರಾ ಇತ್ತು, ಚಿತ್ರನಟಿ ಇದ್ದರು, ಪತ್ರಿಕೆಗಳಿದ್ದವು. ನಮ್ಮ ಮರಿಗೆ ಹೆಸರೂ ಇಲ್ಲ.

ಹಿರಿಯರು: ಎಫ್‌ಐಆರ್‌ಗೆ ಹೆಸರು ಬೇಕಾಗಿರೋದು ಆರೋಪಿಯದ್ದು, ಸಾಕ್ಷಿಯದ್ದು. ಮರಿಗೆ ಬಣ್ಣ, ವಯಸ್ಸು, ಗುರುತು ಬರೆದರೆ ಸಾಕು.

ತರುಣಿ: ಹಾಗಾದರೆ ಇವತ್ತೇ ವೈದ್ಯರ ಹತ್ತಿರ ಹೋಗಿ ಸರಿಯಾದ ಪ್ರಮಾಣಪತ್ರ ಬರೆಸಿಕೊಳ್ತೀನಿ. ಎದುರು ಮನೆಯವರಿಗೆ ದೃಶ್ಯ ಅಳಿಸಬೇಡಿ ಅಂತ ಬರವಣಿಗೆಯಲ್ಲೇ ಕೇಳ್ತೀನಿ. ವಿಡಿಯೊ ಎಲ್ಲೂ ಹಾಕಲ್ಲ. ನಾಳೆ ಬೆಳಗ್ಗೆ ದೂರು ಹಿಡಿದುಕೊಂಡು ಠಾಣೆಗೆ. ಸಾಕ್ಷಿಗಳ ಪಟ್ಟಿಯಲ್ಲಿ ಮೊದಲ ಹೆಸರು ನನ್ನದೇ ಇರಲಿ.

ಹಿರಿಯರು: ಬರೆದದ್ದನ್ನು ಕೊಡುವ ಮುಂಚೆ ನನಗೊಮ್ಮೆ ತೋರಿಸು. ಸಮನ್ಸ್ ಬಂದ ದಿನ ಊರಲ್ಲಿಲ್ಲ ಅನ್ನಬೇಡ. ಕೋರ್ಟಿನಲ್ಲಿ ಕೂಗಿದಾಗ ಕಟಕಟೆ ಹತ್ತಿ, ನೋಡಿದಷ್ಟನ್ನೇ, ಒಂದು ಮಾತು ಕೂಡಿಸದೆ, ಒಂದು ಮಾತು ಬಿಡದೆ ಹೇಳು. ಆ ಮರಿಗೆ ನಮ್ಮ ಕಾನೂನು ಕೊಟ್ಟಿರುವ ಬಾಯಿ ಅದೊಂದೇ.